ಬೆಂಕಿ ಆರಿದ ಮೇಲೆ ಬಾಗಿಲು ತಟ್ಟಿದವರು

2020ರ ಆಗಸ್ಟ್‌ನಲ್ಲಿ ನಾನು ಕ್ಯಾಲಿಫೋರ್ನಿಯಾದ ಸ್ಕಾಟ್ಸ್ ವ್ಯಾಲಿ ಅನ್ನೋ ಸಣ್ಣ ಊರಲ್ಲಿ ಬಾಡಿಗೆಗಿದ್ದೆ. ಸ್ಯಾಂಟಾ ಕ್ರೂಜ್ ಬೆಟ್ಟಗಳ ಮಗ್ಗುಲಲ್ಲಿರುವ ಊರು. ಮಳೆಯಿಲ್ಲದ ಒಣ ಗುಡುಗು ಮಿಂಚು ಬಂದು ಬೆಟ್ಟದಲ್ಲಿ ಅಲ್ಲಲ್ಲಿ ಬೆಂಕಿ ಹತ್ತಿಕೊಂಡಿತು. ನಾಲ್ಕೈದು ದಿನಕ್ಕೆ ನಮ್ಮೂರಿಗೂ ಜಾಗ ಖಾಲಿ ಮಾಡಿ ಅನ್ನೋ ಆದೇಶ ಬಂತು. ಪಾಸ್‌ಪೋರ್ಟು, ವೀಸಾ ಕಾಗದ, ಲ್ಯಾಪ್‌ಟಾಪ್ ತಗೊಂಡೆ. ಯಾಕೋ ಏನೋ, ಅಮ್ಮ ಕಳಿಸಿದ್ದ ಚಟ್ನಿಪುಡಿ ಡಬ್ಬಾನೂ ತಗೊಂಡೆ. ಒಂಬತ್ತು ದಿನ ಫ್ರೀಮಾಂಟಿನ ಗೆಳೆಯನ ಮನೆಯ ಗ್ಯಾರೇಜಿನಲ್ಲಿ ಮಲಗಿದೆ. ಕೋವಿಡ್ ಕಾಲ, ಒಳಗೆ ಬರೋ ಹಾಗಿರಲಿಲ್ಲ. ಗೆಳೆಯನ ಅತ್ತೆ ದಿನಾ ಬಾಗಿಲ ಹೊರಗೆ ಸಾರು ಅನ್ನ ಇಟ್ಟು ಹೋಗ್ತಿದ್ದರು.

ನನ್ನ ಮನೆ ಉಳೀತು. ಬೌಲ್ಡರ್ ಕ್ರೀಕ್ ಕಡೆ ನೂರಾರು ಮನೆ ಹೋದವು, ಒಟ್ಟು ಸುಮಾರು 1,490 ಕಟ್ಟಡ. ನನ್ನದೊಂದು ಚಮಚವೂ ಹೋಗಲಿಲ್ಲ. ಆದರೂ ವಾಪಸ್ ಬಂದ ಮೇಲೆ ತಿಂಗಳುಗಟ್ಟಲೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗ್ತಿತ್ತು, ಮೂಗಿಗೆ ಹೊಗೆ ವಾಸನೆ. ಎದ್ದು ಒಲೆ ನೋಡ್ತಿದ್ದೆ, ಕಿಟಕಿ ತೆಗೆದು ನೋಡ್ತಿದ್ದೆ. ಏನೂ ಇರಲ್ಲ. ಆಫೀಸಿನಿಂದ ಒಂದು ಇಮೇಲ್ ಬಂದಿತ್ತು: ಬೆಂಕಿಯಿಂದ ತೊಂದರೆಯಾದವರಿಗೆ ಉಚಿತ ಕೌನ್ಸೆಲಿಂಗ್, ಈ ನಂಬರಿಗೆ ಕರೆ ಮಾಡಿ. ನಾನು ಅದಕ್ಕೊಂದು ಸ್ಟಾರ್ ಹಾಕಿಟ್ಟೆ, ಕರೆ ಮಾಡಲಿಲ್ಲ. ಮನೆ ಕಳಕೊಂಡವರಿಗೆ ಇರೋ ನಂಬರ್ ಅದು, ನಂಗೇನಾಗಿದೆ ಅಂತ.

ನನ್ನ ಕೆಲಸ ಡೇಟಾ. ಡೇಟಾ ಕೆಲಸದಲ್ಲಿ ಮೊದಲು ಕಲಿಯೋ ಪಾಠ ಏನು ಗೊತ್ತಾ? ಬಂದವರ ಲೆಕ್ಕ ಇರುತ್ತೆ, ಬರದವರದ್ದು ಇರಲ್ಲ. ಉಚಿತ ಅಂತ ಬೋರ್ಡ್ ಹಾಕಿದ ಮೇಲೂ ಬರದೇ ಇದ್ದವರಲ್ಲಿ ನಾನೂ ಒಬ್ಬ. ಬೆಂಕಿಯಿಂದ ಪಾರಾದವರ ಮನಸ್ಸಿಗೂ ಚಿಕಿತ್ಸೆ ಬೇಕು, ಅದನ್ನು ದುಡ್ಡಿಲ್ಲದೆ ಕೊಡಬೇಕು ಅಂತ ಮೊದಲು ಹೊಳೆದದ್ದು ಯಾರಿಗೆ ಅಂತ ಹುಡುಕಿಕೊಂಡು ಹೋದದ್ದು ಇದರಿಂದಲೇ.

ಹುಡುಕುತ್ತಾ ಹೋದರೆ ಮೊದಲು ಸಿಗೋದು ಕಾಡಲ್ಲ, ಒಂದು ನೈಟ್‌ಕ್ಲಬ್. 1942ರ ನವೆಂಬರ್ 28, ಬಾಸ್ಟನ್ನಿನ ಕೊಕೊನಟ್ ಗ್ರೋವ್. ಕಿಕ್ಕಿರಿದ ಶನಿವಾರದ ರಾತ್ರಿ ಬೆಂಕಿ ಹತ್ತಿ 492 ಜನ ಸತ್ತರು. ಗಾಯಗೊಂಡವರಲ್ಲಿ ಒಂದಷ್ಟು ಜನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಬಂದರು. ಸುಟ್ಟ ಗಾಯ ನೋಡೋ ಡಾಕ್ಟರುಗಳಿಗೆ ಒಂದು ವಿಚಿತ್ರ ಕಂಡಿತು: ಚರ್ಮ ಮಾಯುತ್ತಿದೆ, ರೋಗಿ ಮಾಯುತ್ತಿಲ್ಲ. ಅವರು ಮನೋವೈದ್ಯ ಎರಿಕ್ ಲಿಂಡೆಮನ್ ಅವರನ್ನು ಕರೆಸಿದರು. ಜರ್ಮನಿಯಿಂದ ಬಂದವರು ಅವರು.

ಲಿಂಡೆಮನ್ ಗಾಯಗೊಂಡವರ ಜೊತೆ, ಸತ್ತವರ ಮನೆಯವರ ಜೊತೆ ಕೂತು ಮಾತಾಡಿದರು. ಬೇರೆ ಕಾರಣಕ್ಕೆ ತಮ್ಮವರನ್ನು ಕಳಕೊಂಡವರೂ ಸೇರಿ ಒಟ್ಟು 101 ಜನರನ್ನು ನೋಡಿ 1944ರಲ್ಲಿ ಒಂದು ಲೇಖನ ಬರೆದರು. ದುಃಖಕ್ಕೂ ಲಕ್ಷಣಗಳಿರುತ್ತವೆ, ಗಂಟಲು ಕಟ್ಟುತ್ತೆ, ನಿಟ್ಟುಸಿರು ಬರುತ್ತಲೇ ಇರುತ್ತೆ, ಹೊಟ್ಟೆ ಖಾಲಿ ಅನ್ನಿಸುತ್ತೆ, ‘ನಾನು ಹೀಗೆ ಮಾಡಿದ್ದರೆ ಅವರು ಬದುಕ್ತಿದ್ದರು’ ಅನ್ನೋ ಅಪರಾಧಿ ಭಾವ ಬಿಡದೆ ಕಾಡುತ್ತೆ ಅಂತ ಅದರಲ್ಲಿದೆ. ಇವತ್ತು ಇದೆಲ್ಲ ಗೊತ್ತಿರೋ ವಿಷಯ ಅನ್ನಿಸಬಹುದು. ಆಗ ಇದನ್ನು ಹೀಗೆ ಕಣ್ಣಿಟ್ಟು ನೋಡಿ ಬರೆದವರು ಕಡಿಮೆ.

ಆ ಕೆಲಸದಲ್ಲಿ ಒಂದು ಪ್ರಸಂಗ ಬರುತ್ತೆ. ಒಬ್ಬ ಯುವಕ ಹೆಂಡತಿಯನ್ನು ಎಳೆದು ಹೊರತರೋಕೆ ಹೋಗಿ ಪ್ರಜ್ಞೆ ತಪ್ಪಿದ. ಬೇರೆಯವರು ಅವನನ್ನು ಹೊರಗೆಳೆದರು, ಹೆಂಡತಿ ಒಳಗೇ ಉಳಿದಳು. ಅವನ ಗಾಯ ಮಾದವು, ಮನೆಗೆ ಹೋದ. ಸ್ವಲ್ಪ ದಿನಕ್ಕೆ ಅದೇ ಕೊರಗಲ್ಲಿ ಮತ್ತೆ ಆಸ್ಪತ್ರೆ ಸೇರಿದ. ಅವನು ಉಳಿಯಲಿಲ್ಲ, ತನ್ನ ಕೈಯಾರೆ ಹೋದ. ಇದನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಚೆನ್ನಾಗಿದ್ದಾನೆ ಅಂತ ಮನೆಗೆ ಕಳಿಸಿದ್ದವರಿಗೆ ಏನನ್ನಿಸಿರಬೇಕು.

ದುಃಖದಲ್ಲಿರುವವರ ಜೊತೆ ಕೂರಲು ಮನೋವೈದ್ಯನೇ ಬೇಕು ಅಂತಿಲ್ಲ, ಪಾದ್ರಿಗಳಿಗೆ, ಸಮಾಜ ಕಾರ್ಯಕರ್ತರಿಗೆ ಕಲಿಸಿಕೊಟ್ಟರೆ ಅವರೂ ಮಾಡಬಲ್ಲರು ಅನ್ನೋದನ್ನೂ ಲಿಂಡೆಮನ್ ಹೇಳಿದ್ದರು. 1948ರಲ್ಲಿ ಬಾಸ್ಟನ್ ಹತ್ತಿರದ ವೆಲ್ಸ್‌ಲಿ ಊರಿನಲ್ಲಿ ಇದೇ ಯೋಚನೆಯ ಮೇಲೆ ಒಂದು ಕೇಂದ್ರ ಶುರು ಮಾಡಿದರು. ಹುಚ್ಚು ಹಿಡಿದ ಮೇಲೆ ಆಸ್ಪತ್ರೆಗೆ ಸೇರಿಸೋದಲ್ಲ, ಕಷ್ಟ ಬಂದ ಹೊತ್ತಿಗೆ ಊರಲ್ಲೇ ಒಬ್ಬರು ಸಿಗಬೇಕು ಅನ್ನೋದು ಅದರ ಹಿಂದಿನ ವಿಚಾರ.

ಇದು ಸರ್ಕಾರದ ಕಾನೂನಾಗಲು ಇನ್ನೂ ಇಪ್ಪತ್ತಾರು ವರ್ಷ ಹಿಡಿಯಿತು, ಅದಕ್ಕೆ ಮುಂಚೆ ಬಂದದ್ದು ಬೆಂಕಿಯಲ್ಲ, ನೀರು. 1972ರ ಫೆಬ್ರವರಿಯಲ್ಲಿ ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್ ಕಣಿವೆಯಲ್ಲಿ ಕಲ್ಲಿದ್ದಲು ಗಣಿಯ ಕೊಳಚೆ ಕಟ್ಟೆ ಒಡೆದು 125 ಜನ ಸತ್ತರು. ಬದುಕಿದವರು ಕಂಪನಿ ಮೇಲೆ ಕೇಸು ಹಾಕಿ, ಮನೆಗಷ್ಟೇ ಅಲ್ಲ, ಮನಸ್ಸಿಗಾದ ಹಾನಿಗೂ ಪರಿಹಾರ ಕೇಳಿದರು. 1974ರಲ್ಲಿ 135 ಲಕ್ಷ ಡಾಲರಿಗೆ ರಾಜಿಯಾಯಿತು. ಅದೇ ವರ್ಷ ಅಮೆರಿಕದ ವಿಪತ್ತು ಪರಿಹಾರ ಕಾಯಿದೆಯಲ್ಲಿ, ವಿಪತ್ತಿಗೆ ಸಿಕ್ಕವರಿಗೆ ಕೌನ್ಸೆಲಿಂಗ್ ಕೊಡಲು ರಾಜ್ಯಗಳಿಗೆ ಕೇಂದ್ರದ ಹಣ ಕೊಡಬಹುದು ಅಂತ ಒಂದು ಕಲಮು ಸೇರಿತು. ಇವತ್ತು ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚಿನ ಮೇಲೆ ಶಿಬಿರಗಳಲ್ಲಿ ಕಾಣುವ ಉಚಿತ ಕೌನ್ಸೆಲರುಗಳ ಹಿಂದೆ ಇರೋದು ಬಹುಮಟ್ಟಿಗೆ ಆ ಕಲಮೇ.

ಕಾಳ್ಗಿಚ್ಚು ಅಂದಾಗ, ಇಲ್ಲಿ ಹುಟ್ಟಿ ಬೆಳೆದ ಓದುಗರಿಗೊಂದು ಮಾತು: ಕಾಡಿನ ಕಿಚ್ಚು ಅದು, ಕಿಚ್ಚು ಅಂದರೆ ಬೆಂಕಿ. ‘ಹೊಟ್ಟೆಕಿಚ್ಚು’ ಅಂತ ಅಮ್ಮ ಯಾರ ಬಗ್ಗೆಯಾದರೂ ಅಂದಿದ್ದು ಕೇಳಿರ್ತೀರಿ, ಅದೇ ಕಿಚ್ಚು.

ನಿಜವಾದ ಕಾಳ್ಗಿಚ್ಚು ಈ ಕಥೆಯೊಳಗೆ ಬರೋದು ಆಸ್ಟ್ರೇಲಿಯಾದಲ್ಲಿ. 1983ರ ಫೆಬ್ರವರಿ 16, ಕ್ರೈಸ್ತರಿಗೆ ಆ್ಯಷ್ ವೆಡ್ನೆಸ್‌ಡೇ, ಬೂದಿ ಬುಧವಾರ. ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಒಂದೇ ದಿನ ಎದ್ದ ಬೆಂಕಿಗೆ 75 ಜನ ಬಲಿಯಾದರು. ಅಲೆಕ್ಸಾಂಡರ್ ಮ್ಯಾಕ್‌ಫರ್ಲೇನ್ ಅನ್ನೋ ಮನೋವೈದ್ಯ 469 ಅಗ್ನಿಶಾಮಕರನ್ನು ಎರಡು ವರ್ಷಕ್ಕೂ ಮೀರಿ ಹಿಂಬಾಲಿಸಿ ನೋಡಿದರು. ಅವರು ಸಂಬಳದ ಫೈರ್‌ಮನ್‌ಗಳಲ್ಲ, ಹಳ್ಳಿಯ ಸ್ವಯಂಸೇವಕರು. ಮೊದಲ ತಿಂಗಳುಗಳಲ್ಲಿ ಆರಾಮಾಗಿ ಕಂಡವರಲ್ಲಿ ಕೆಲವರಿಗೆ ತೊಂದರೆ ಆಮೇಲೆ ಶುರುವಾಯಿತು. ಒಮ್ಮೆ ಎಣಿಸಿ ಬಿಟ್ಟಿದ್ದರೆ ಇವರ್ಯಾರೂ ಲೆಕ್ಕಕ್ಕೇ ಬರ್ತಿರಲಿಲ್ಲ.

ಅವರು ಮಕ್ಕಳನ್ನೂ ನೋಡಿದರು. ಎಂಟು ತಿಂಗಳಿಗೆ ಇದ್ದ ತೊಂದರೆ ಇಪ್ಪತ್ತಾರು ತಿಂಗಳಿಗೂ ಕಡಿಮೆ ಆಗಿರಲಿಲ್ಲ. ಮಗು ಎಷ್ಟು ಬೆಂಕಿ ನೋಡಿತು ಅನ್ನೋದಕ್ಕಿಂತ, ಆ ಹೊತ್ತಿನಲ್ಲಿ ಅಪ್ಪ ಅಮ್ಮನಿಂದ ಬೇರೆಯಾಗಿತ್ತಾ, ಆಮೇಲೆ ಅಮ್ಮ ಆ ಬೆಂಕಿಯ ಗುಂಗಲ್ಲೇ ಉಳಿದಳಾ ಅನ್ನೋದು ಹೆಚ್ಚು ಹೇಳುತ್ತಿತ್ತು. ಅಂದರೆ ಮಗುವಿಗೆ ಸಹಾಯ ಮಾಡಬೇಕಾದರೆ ಅಮ್ಮನಿಗೆ ಮಾಡಬೇಕು. ಆದರೆ ಅಮ್ಮ ತನಗೋಸ್ಕರ ಬರಲ್ಲ, ಮಗುವಿಗೋಸ್ಕರ ಬರ್ತಾಳೆ.

ಇಲ್ಲಿಂದ ಒಂದು ತಪ್ಪಿನ ಕಥೆ. ಅದೇ 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್, ಅಗ್ನಿಶಾಮಕ ಮತ್ತು ತುರ್ತುಸೇವೆಯ ಕೆಲಸ ಬಲ್ಲವರು, ಒಂದು ಪದ್ಧತಿ ಪ್ರಕಟಿಸಿದರು. ಘೋರ ಘಟನೆ ಆದ ಕೆಲವೇ ದಿನದೊಳಗೆ ಎಲ್ಲರನ್ನೂ ಕೂರಿಸಿ, ಏನು ನೋಡಿದಿರಿ, ಏನನ್ನಿಸಿತು ಅಂತ ಒಂದು ಸಲ ಪೂರ್ತಿ ಹೇಳಿಸಿಬಿಡೋದು. ಇದಕ್ಕೆ ಡಿಬ್ರೀಫಿಂಗ್ ಅಂತಾರೆ. ಅಗ್ನಿಶಾಮಕರ ತಂಡಗಳಿಗೆ ಅಂತ ಶುರುವಾದದ್ದು ಎಲ್ಲ ಕಡೆ ಹಬ್ಬಿತು, ಬದುಕುಳಿದ ಸಾಮಾನ್ಯ ಜನರಿಗೂ ಬಂತು. ಕೇಳೋಕೆ ಸರಿಯಾಗೇ ಇದೆ. ಹೇಳಿಕೊಂಡರೆ ಮನಸ್ಸು ಹಗುರ ಆಗುತ್ತೆ ಅಂತ ನಾವೂ ಅಂತೀವಲ್ಲ.

ಆಮೇಲೆ ಯಾರೋ ಅಳೆದು ನೋಡಿದರು. 1997ರಲ್ಲಿ ಜೊನಾಥನ್ ಬಿಸನ್ ಮತ್ತು ಸಂಗಡಿಗರು ವೇಲ್ಸ್‌ನಲ್ಲಿ ಸುಟ್ಟ ಗಾಯವಾಗಿ ಆಸ್ಪತ್ರೆಗೆ ಬಂದವರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಡಿಬ್ರೀಫಿಂಗ್ ಕೊಟ್ಟಿದ್ದರು. ಹದಿಮೂರು ತಿಂಗಳಾದ ಮೇಲೆ ನೋಡಿದರೆ, ಕೊಟ್ಟ ಗುಂಪಿನಲ್ಲಿ 26% ಜನರಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನೆನಪು ಬಿಡದೆ ಕಾಡುವ ಕಾಯಿಲೆ. ಕೊಡದ ಗುಂಪಿನಲ್ಲಿ 9%. ನನ್ನ ವೃತ್ತಿಯ ಚಾಳಿ, ತಕ್ಷಣ ಟೇಬಲ್ ತೆಗೆದು ನೋಡಿದೆ. ಕೊಟ್ಟ ಗುಂಪಿನವರ ಗಾಯಗಳು ಮೊದಲಿನಿಂದಲೇ ಸ್ವಲ್ಪ ಹೆಚ್ಚಿದ್ದವು, ಹಾಗಾಗಿ ವ್ಯತ್ಯಾಸವನ್ನೆಲ್ಲ ಡಿಬ್ರೀಫಿಂಗ್ ತಲೆಗೇ ಕಟ್ಟೋಕಾಗಲ್ಲ. ಆದರೆ ಉಪಯೋಗ ಆಯಿತು ಅಂತ ಹೇಳೋಕಂತೂ ಅಲ್ಲಿ ಏನೂ ಇಲ್ಲ. ಮುಂದೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆ, ಆಘಾತಕ್ಕೆ ಸಿಕ್ಕವರಿಗೆ ಇದನ್ನು ಕಡ್ಡಾಯ ಮಾಡೋದು ನಿಲ್ಲಬೇಕು ಅಂತಲೇ ಹೇಳಿತು.

ಇದು ನನ್ನನ್ನು ತುಂಬ ಕಾಡಿದ ಭಾಗ. ಒಳ್ಳೆಯ ಮನಸ್ಸಿನಿಂದ, ಪುಕ್ಕಟೆಯಾಗಿ, ಓಡಿ ಬಂದು ಕೊಟ್ಟ ಸಹಾಯ ಅದು. ಉಪಕಾರ ಮಾಡಲಿಲ್ಲ, ಕೆಲವರಿಗೆ ಅಪಕಾರವನ್ನೇ ಮಾಡಿರಬಹುದು.

ಈಗ ಬೆಂಗಳೂರಿಗೆ ಬರೋಣ. ಇದು ಬರೀ ಪರದೇಶದ ಕಥೆ ಅಂದುಕೊಂಡಿದ್ದ ನನಗೂ ಆಶ್ಚರ್ಯ ಆಯಿತು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಆ ಕಾಲದಲ್ಲಿ ಬೆಂಗಳೂರಲ್ಲಿದ್ದವರನ್ನು ಕೇಳಿ ನೋಡಿ, ಈಗಲೂ ಮಾತು ತಗ್ಗುತ್ತೆ. ನಿಮ್ಹಾನ್ಸ್‌ನ ಎಚ್.ಎಸ್. ನಾರಾಯಣನ್, ಕೆ. ಸತ್ಯವತಿ ಮತ್ತು ಸಂಗಡಿಗರು ಮಕ್ಕಳನ್ನು ಕಳಕೊಂಡ ಮನೆಯವರ ದುಃಖವನ್ನು ಅಭ್ಯಾಸ ಮಾಡಿದರು. ಅದು 1987ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ವಿಪತ್ತಿನ ನಂತರದ ಮನಸ್ಸಿನ ಬಗ್ಗೆ ಆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಬಾಸ್ಟನ್ನಿನ ಲಿಂಡೆಮನ್ ನೈಟ್‌ಕ್ಲಬ್ಬಿನ ಬೆಂಕಿಯಿಂದ ಶುರು ಮಾಡಿದ್ದರೆ, ನಮ್ಮವರು ಸರ್ಕಸ್ಸಿನ ಬೆಂಕಿಯಿಂದ.

ಭೋಪಾಲ್ ದುರಂತದ ನಂತರ, 1985ರಲ್ಲಿ, ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತು ಮೋಹನ್ ಐಸಾಕ್ ಅಲ್ಲಿಗೆ ಹೋದಾಗ ಒಂದು ಸರಳ ಲೆಕ್ಕ ಎದುರಿಗಿತ್ತು: ನರಳುವವರು ಸಾವಿರಾರು ಜನ, ಮನೋವೈದ್ಯರು ಬೆರಳೆಣಿಕೆ. ಅವರು ಅಲ್ಲಿನ ಸಾಮಾನ್ಯ ಡಾಕ್ಟರುಗಳಿಗೇ ತರಬೇತಿ ಕೊಟ್ಟರು. ಕೆಮ್ಮಿಗೆ, ಕಣ್ಣುರಿಗೆ ಅಂತ ಬಂದವರ ಹತ್ತಿರ ನಿದ್ದೆ ಬರುತ್ತಾ, ಹೆದರಿಕೆ ಆಗುತ್ತಾ ಅಂತಲೂ ಕೇಳಿ ಅಂತ ಕಲಿಸಿದರು. ನಮ್ಮ ಜನ ತಲೆ ಸರಿ ಇಲ್ಲ ಅಂತ ಯಾರ ಹತ್ತಿರವೂ ಹೋಗಲ್ಲ, ಎದೆ ಉರಿ ಅಂತ ಹೋಗ್ತಾರೆ. ಬಾಗಿಲ ಮೇಲಿನ ಬೋರ್ಡೇ ಜನರನ್ನು ವಾಪಸ್ ಕಳಿಸುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

ಕ್ಯಾಲಿಫೋರ್ನಿಯಾಕ್ಕೂ ಕೊನೆಗೆ ಅದೇ ಬುದ್ಧಿ ಬಂತು, ಬೇರೆ ದಾರಿಯಿಂದ. ಡಿಬ್ರೀಫಿಂಗ್ ಸೋತ ಮೇಲೆ 2000ದ ದಶಕದ ನಡುವಿನಲ್ಲಿ ‘ಸೈಕಲಾಜಿಕಲ್ ಫಸ್ಟ್ ಏಡ್’ ಅನ್ನೋ ಕೈಪಿಡಿ ಬಂತು. ಮನಸ್ಸಿನ ಪ್ರಥಮ ಚಿಕಿತ್ಸೆ ಅನ್ನಬಹುದು. ಅದರಲ್ಲಿ ನಡೆದದ್ದನ್ನು ಹೇಳಿ ಅಂತ ಒತ್ತಾಯವೇ ಇಲ್ಲ. ಮೊದಲು ಕೇಳೋದು ನೀರು ಬೇಕಾ, ಮನೆಯವರೆಲ್ಲ ಸಿಕ್ಕರಾ, ಫೋನ್ ಚಾರ್ಜ್ ಇದೆಯಾ, ಇವತ್ತು ರಾತ್ರಿ ಎಲ್ಲಿ ಮಲಗ್ತೀರಿ. ಹೇಳಬೇಕು ಅನ್ನಿಸಿದವರು ಹೇಳಲಿ, ಇಲ್ಲದವರ ಪಕ್ಕದಲ್ಲಿ ಸುಮ್ಮನೆ ಕೂರಿ.

ನನ್ನ ಟೀಮಿನಲ್ಲಿ ಒಬ್ಬಳು ಇದ್ದಳು, ಪ್ಯಾರಡೈಸ್ ಊರಿನವಳು. 2018ರ ನವೆಂಬರ್ 8ರಂದು ಕ್ಯಾಂಪ್ ಫೈರ್ ಅನ್ನೋ ಬೆಂಕಿ ಸುಮಾರು 26,000 ಜನರ ಆ ಊರನ್ನು ಒಂದೇ ದಿನದಲ್ಲಿ ಸುಟ್ಟಿತು. 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡ ಹೋದವು. ಊರಿನ ಆಸ್ಪತ್ರೆಯೂ ಮುಚ್ಚಿತು. ಅವಳ ಅಪ್ಪ ಅಮ್ಮ ಕಾರಲ್ಲಿ ಹೊಗೆಯ ನಡುವೆ ಹೇಗೋ ಚಿಕೋ ಊರು ತಲುಪಿದರು. ವಾರದ ನಂತರ ಪರಿಹಾರದ ಅರ್ಜಿಯ ಸಾಲಿನಲ್ಲಿ ನಿಂತಿದ್ದಾಗ, ವೆಸ್ಟ್‌ಕೋಟು ಹಾಕಿದ್ದ ಒಂದು ಹುಡುಗಿ ಅವಳ ಅಮ್ಮನ ಹತ್ತಿರ ಬಂದು, ಈ ಫಾರಂ ತುಂಬೋಕೆ ಸಹಾಯ ಮಾಡ್ಲಾ ಅಂತ ಕೇಳಿದಳಂತೆ. ಫಾರಂನಲ್ಲಿ ವಿಳಾಸ ಅನ್ನೋ ಜಾಗ ಬಂದಾಗ ಅಮ್ಮನ ಕೈ ನಿಂತಿತು. ಹುಡುಗಿ ಏನೂ ಹೇಳದೆ ಪೆನ್ನು ಕೆಳಗಿಟ್ಟು ಕಾದಳು. ಅವತ್ತೇ ಅಮ್ಮ ಮೊದಲ ಸಲ ಅತ್ತದ್ದು. ಆ ಹುಡುಗಿ ಕೌನ್ಸೆಲರ್ ಅಂತ ಅವರಿಗೆ ಗೊತ್ತಾದದ್ದು ಮೂರನೇ ಭೇಟಿಯಲ್ಲಿ. ಮೊದಲೇ ಹೇಳಿದ್ದರೆ ಅಮ್ಮ ಓಡಿ ಹೋಗ್ತಿದ್ದರು ಅಂತ ಅವಳು ನಗ್ತಾ ಹೇಳಿದಳು.

ಕೇಂದ್ರದ ಹಣದಲ್ಲಿ ನಡೆಯುವ ಈ ಕೆಲಸದ ರೀತಿಯೇ ಹಾಗೆ. ಜನ ಇರೋ ಕಡೆಗೆ ಹೋಗಬೇಕು, ಕಾಯಿಲೆಯ ಹೆಸರು ಹಚ್ಚಬಾರದು, ಫೈಲ್ ಮಾಡಬಾರದು. ಇದರಲ್ಲಿ ನಮ್ಮಂಥವರಿಗೆ ಗೊತ್ತಿರಲೇಬೇಕಾದ ಒಂದು ವಿಷಯ ಇದೆ. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಫೀಮಾ, ಅಂದರೆ ಕೇಂದ್ರದ ವಿಪತ್ತು ಸಂಸ್ಥೆ, ಕೈಗೆ ಕೊಡುವ ಹಣದ ನೆರವು ಸಿಗಲ್ಲ. ಅದಕ್ಕೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ‘ನಮಗೇನೂ ಇಲ್ಲ ಬಿಡ್ರೀ’ ಅಂತ ಮಾತು ಮುಗಿದುಹೋಗುತ್ತೆ. ಆದರೆ ಈ ಕೌನ್ಸೆಲಿಂಗ್‌ಗೆ ವೀಸಾ ಯಾವುದು ಅನ್ನೋ ಪ್ರಶ್ನೆಯೇ ಇಲ್ಲ. ಆರು ತಿಂಗಳಿಗೆ ಅಂತ ಬಂದ ಅತ್ತೆ ಮಾವನಿಗೂ ಉಂಟು.

ಕೊರತೆ ಇರೋದು ಕಾಲದಲ್ಲಿ. ಕೇಂದ್ರದ ಹಣ ಮೊದಲು ಅರವತ್ತು ದಿನಕ್ಕೆ, ಆಮೇಲೆ ಸಾಮಾನ್ಯವಾಗಿ ಒಂಬತ್ತು ತಿಂಗಳಿಗೆ. ಸುಟ್ಟ ಮನೆ ಮತ್ತೆ ಕಟ್ಟೋಕೆ ವರ್ಷಗಳು ಬೇಕು. ವಿಮೆಯವರ ಜೊತೆ ಜಗಳ, ಪರ್ಮಿಟ್ಟು, ಕಂಟ್ರಾಕ್ಟರು, ಎಲ್ಲ ಮುಗಿಯೋ ಹೊತ್ತಿಗೆ ಕೌನ್ಸೆಲರುಗಳ ಯೋಜನೆ ಮುಗಿದಿರುತ್ತೆ. ಆಸ್ಟ್ರೇಲಿಯಾದಲ್ಲಿ 2009ರ ಫೆಬ್ರವರಿ 7ರ ‘ಬ್ಲ್ಯಾಕ್ ಸ್ಯಾಟರ್ಡೇ’ ಬೆಂಕಿಯಲ್ಲಿ 173 ಜನ ಸತ್ತರು. (ನಮ್ಮ ಸರ್ಕಸ್ಸಿನ ಬೆಂಕಿಯ ತಾರೀಖೇ. ಕಾಕತಾಳೀಯ ಅಷ್ಟೆ, ಆದರೂ ಕಣ್ಣು ಅಲ್ಲಿ ನಿಲ್ಲುತ್ತೆ.) ಆಮೇಲೆ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಮಾತಾಡಿಸಿದರು. ಹೆಚ್ಚಿನವರು ಚೇತರಿಸಿಕೊಂಡಿದ್ದರು, ಅದನ್ನೂ ಹೇಳಬೇಕು. ಆದರೆ ತುಂಬ ಪೆಟ್ಟು ತಿಂದ ಊರುಗಳಲ್ಲಿ ಐದು ವರ್ಷದ ನಂತರವೂ ಸುಮಾರು ಐದರಲ್ಲಿ ಒಬ್ಬರಿಗೆ ವೃತ್ತಿಪರ ಸಹಾಯ ಬೇಕಾಗುವಷ್ಟು ತೊಂದರೆ ಉಳಿದಿತ್ತು. ಆಪ್ತರು ಊರು ಬಿಟ್ಟು ಹೋದವರಲ್ಲಿ ಖಿನ್ನತೆ ಹೆಚ್ಚಿತ್ತು.

ಒಂಬತ್ತು ತಿಂಗಳೆಲ್ಲಿ, ಐದು ವರ್ಷವೆಲ್ಲಿ. ಈ ಅಂತರ ಯಾರು ತುಂಬಬೇಕು? 2017ರ ಅಕ್ಟೋಬರಿನಲ್ಲಿ ಸ್ಯಾಂಟಾ ರೋಸಾ ಊರಿಗೆ ಟಬ್ಸ್ ಫೈರ್ ನುಗ್ಗಿ 22 ಜನ ಸತ್ತು, 5,600ಕ್ಕೂ ಹೆಚ್ಚು ಕಟ್ಟಡ ಹೋದಾಗ, ಸೊನೋಮಾ ಕೌಂಟಿಯ ಒಂದು ಆರೋಗ್ಯ ಪ್ರತಿಷ್ಠಾನ ದಾನದ ಹಣ ಕೂಡಿಸಿ ಬೇರೆ ಸಂಸ್ಥೆಗಳ ಜೊತೆ ಒಂದು ಒಕ್ಕೂಟ ಕಟ್ಟಿತು. ಊರಿನ ಥೆರಪಿಸ್ಟುಗಳಿಗೆ ತರಬೇತಿ, ಜನರಿಗೆ ಉಚಿತ ಥೆರಪಿ, ಉಚಿತ ಯೋಗ ತರಗತಿ, ಇಂಗ್ಲಿಷ್ ಸ್ಪ್ಯಾನಿಷ್ ಎರಡರಲ್ಲೂ ಮಾಹಿತಿ, ಫೋನಿಗೊಂದು ಆ್ಯಪ್. ಥೆರಪಿ ಬೇಡ ಅನ್ನೋರು ಯೋಗಕ್ಕೆ ಬಂದರು ಅಂದರೆ ನಮಗೆ ಆಶ್ಚರ್ಯ ಆಗಬೇಕಿಲ್ಲ. ಆಸ್ಟ್ರೇಲಿಯಾ 2020ರ ಜನವರಿಯಲ್ಲಿ, ಆ ಬೇಸಿಗೆಯ ಬೆಂಕಿ ಇನ್ನೂ ಉರಿಯುತ್ತಿರುವಾಗಲೇ, 7.6 ಕೋಟಿ ಡಾಲರಿನ ಯೋಜನೆ ತಂದಿತು. ಹತ್ತು ಉಚಿತ ಕೌನ್ಸೆಲಿಂಗ್, ಡಾಕ್ಟರ ಚೀಟಿ ಇಲ್ಲದೆ ಮನಶ್ಶಾಸ್ತ್ರಜ್ಞರ ಭೇಟಿ. ಆ ಚೀಟಿ ತೆಗೆದದ್ದು ಹಣಕ್ಕಿಂತ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ. ಒಂದು ಬಾಗಿಲು ಕಡಿಮೆ.

ನನ್ನ ಸ್ಟಾರ್ ಹಾಕಿದ ಇಮೇಲ್ ಏನಾಯಿತು ಅಂತ ಕೇಳ್ತೀರೇನೋ. 2021ರ ಜೂನ್, ಒಂದು ಸಂಜೆ ಪಕ್ಕದ ಮನೆಯವರು ಬಾರ್ಬೆಕ್ಯೂ ಹಚ್ಚಿದರು. ನಾನು ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಹೇಗೆ ಬಂದೆ ಅಂತ ನೆನಪಿಲ್ಲ. ಅವತ್ತು ರಾತ್ರಿ ಫೋನ್ ಮಾಡಿದೆ, ಆಫೀಸಿನ ನಂಬರಿಗಲ್ಲ, 2012ರಿಂದ ಇರುವ ಕೇಂದ್ರದ ವಿಪತ್ತು ಸಹಾಯವಾಣಿಗೆ. ಆ ಕಡೆಯ ಹೆಂಗಸು ಈಗ ಸುರಕ್ಷಿತವಾಗಿದ್ದೀರಾ ಅಂತ ಕೇಳಿದರು. ಇಂಗ್ಲಿಷ್ ಬೇಡದಿದ್ದರೆ ದುಭಾಷಿಯನ್ನು ಕರೆಸಬಹುದು ಅಂದರು. ಬೇಡ, ಇಂಗ್ಲಿಷ್ ಸಾಕು ಅಂದೆ. ಹತ್ತು ನಿಮಿಷ ಸರಿಯಾಗೇ ಮಾತಾಡಿದೆ. ವಾಸನೆ ಹೇಗಿರುತ್ತೆ ಅಂತ ಕೇಳಿದಾಗ ಮಾತು ನಿಂತಿತು. ಹೊಗೆ ಅಲ್ಲ, ಸುಟ್ಟದ್ದೂ ಅಲ್ಲ. ಅಮ್ಮ ಹಾಲು ಒಲೆ ಮೇಲಿಟ್ಟು ಮರೆತಾಗ ಮನೆಯೆಲ್ಲ ತುಂಬುತ್ತಿತ್ತಲ್ಲ, ಅದು. ಸೀದ ವಾಸನೆ, ಅಂದೆ, ಕನ್ನಡದಲ್ಲೇ.

ಅವರು ನಕ್ಕಲಿಲ್ಲ. ಇನ್ನೊಂದು ಸಲ ಹೇಳಿ ಅಂದರು, ನಿಧಾನಕ್ಕೆ.